ಪ್ರಧಾನರ ಮನೆ

ನಮ್ಮೂರಲ್ಲಿ ಒಂದು ಮನೆಗೆ ಇವತ್ತಿಗೂ 'ಪ್ರಧಾನರ ಮನೆ' ಅಂತಲೇ ಹೆಸರು. ಆ ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯ್ತು. ಮೊನ್ನೆ ಹಬ್ಬಕ್ಕೆ ಹೋದಾಗ ಅಕ್ಕನ ಮಗ ಕೇಳಿದ, "ಮಾಮ, ಇವರು ಯಾವ ದೇಶಕ್ಕೆ ಪ್ರಧಾನರು?" ಎಲ್ಲರೂ ನಕ್ಕೆವು. ಆಮೇಲೆ ಅನ್ನಿಸಿತು, ಮಂಡಲ ಪಂಚಾಯ್ತಿ ಅಂತ ಒಂದಿತ್ತು ಅನ್ನೋದನ್ನೇ ಈಗಿನ ಹುಡುಗರಿಗೆ ಯಾರೂ ಹೇಳಿಲ್ಲ. ಮಂಡಲ ಅಂದರೆ ಮೀಸಲಾತಿಯ ಮಂಡಲ್ ವರದಿ ಅಂದುಕೊಳ್ಳುತ್ತಾರೆ.

ಈ ಮಂಡಲ ಪಂಚಾಯ್ತಿಗೆ ರಾಮಕೃಷ್ಣ ಹೆಗಡೆ ಸರ್ಕಾರ 1983ರಲ್ಲಿ ಕಾನೂನು ಮಾಡಿತು. ಚುನಾವಣೆ ನಡೆದಿದ್ದು 1987ರ ಜನವರಿಯಲ್ಲಿ. ಅಕ್ಕಪಕ್ಕದ ಹಳ್ಳಿಗಳನ್ನು ಸೇರಿಸಿ ಸುಮಾರು ಎಂಟರಿಂದ ಹನ್ನೆರಡು ಸಾವಿರ ಜನಕ್ಕೆ ಒಂದು ಮಂಡಲ. ಅದರ ಮುಖ್ಯಸ್ಥನೇ ಪ್ರಧಾನ. ಜಿಲ್ಲೆಗೆ ಜಿಲ್ಲಾ ಪರಿಷತ್ತು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಒಬ್ಬ ಐಎಎಸ್ ಅಧಿಕಾರಿ! ಅಲ್ಲಿವರೆಗೆ ಸಾಹೇಬರ ಮುಂದೆ ಟವೆಲ್ ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಿದ್ದವರು ಕುರ್ಚಿ ಎಳೆದು ಕೂತರು. ನನ್ನ ಲೆಕ್ಕದಲ್ಲಿ ರಸ್ತೆ, ಚರಂಡಿಗಿಂತ ದೊಡ್ಡ ಕೆಲಸ ಅದೇ.

ಇದರ ಹಿಂದಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಮಂತ್ರಿಯಾಗಿದ್ದುಕೊಂಡು ತನ್ನ ಅಧಿಕಾರವನ್ನೇ ಕೆಳಗೆ ಹಂಚಿದ ಇಂಥವರು ಎಷ್ಟು ಜನ ಸಿಗುತ್ತಾರೆ ಹೇಳಿ? 1988ರಲ್ಲಿ ಹೋಗಿಬಿಟ್ಟರು.

ಹೆಣ್ಣುಮಕ್ಕಳಿಗೆ ಶೇಕಡಾ 25ರಷ್ಟು ಸೀಟು ಬಂದಿದ್ದೂ ಆಗಲೇ. ಟೀವಿಯಲ್ಲಿ ಕೂತವರು ಎಲ್ಲ, ಪಂಚಾಯ್ತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿಯಿಂದ ಶುರುವಾಯ್ತು ಅನ್ನುವಾಗ ನನಗೆ ಮೈ ಉರಿಯುತ್ತದೆ. ಅದು ಜಾರಿಯಾಗಿದ್ದು 1993ರ ಏಪ್ರಿಲ್‌ನಲ್ಲಿ. ಅಷ್ಟೊತ್ತಿಗೆ ನಮ್ಮ ಹೆಂಗಸರು ಮಂಡಲದಲ್ಲಿ ಕೂತೆದ್ದು ಬಂದಾಗಿತ್ತು.

ಆದರೆ ಅವಧಿ ಮುಗಿದ ಮೇಲೆ ಮಂಡಲಕ್ಕೆ ಇನ್ನೊಂದು ಚುನಾವಣೆ ಆಗಲೇ ಇಲ್ಲ. ಅಧಿಕಾರಿಗಳ ಕೈಗೆ ಕೊಟ್ಟು ಕೂರಿಸಿದರು. 1993ರ ಹೊಸ ಕಾನೂನು ಬಂತು, ಐದರಿಂದ ಏಳು ಸಾವಿರ ಜನಕ್ಕೊಂದು ಗ್ರಾಮ ಪಂಚಾಯ್ತಿ, ಮಲೆನಾಡಿನಲ್ಲಿ ಇನ್ನೂ ಚಿಕ್ಕದು. ಪ್ರಧಾನ ಹೋಗಿ ಅಧ್ಯಕ್ಷ ಬಂದ.

ಇದು ತಪ್ಪಾಯ್ತು ಅನ್ನೋನು ನಾನು. ನಾಲ್ಕಾರು ಹಳ್ಳಿ ಒಟ್ಟಿಗಿದ್ದರೆ ಒಬ್ಬ ಗೌಡನ ಮಾತೇ ನಡೆಯೋದು ಕಷ್ಟ. ತೆರಿಗೆಯೂ ಜಾಸ್ತಿ ಸೇರುತ್ತದೆ. ಚೂರು ಮಾಡಿದಷ್ಟೂ ಎಲ್ಲದಕ್ಕೂ ತಾಲ್ಲೂಕಿನ ಕಡೆ ಕೈಚಾಚಬೇಕು, ಅಲ್ವಾ?

ಇಷ್ಟನ್ನೂ ಊಟಕ್ಕೆ ಕೂತಾಗ ಜೋರಾಗಿ ಹೇಳಿದೆ. ಅಮ್ಮ ಸಾರು ಬಡಿಸುತ್ತಾ ಅಂದಳು: "ನಿಂಗೇನಪ್ಪಾ ಹೇಳ್ತೀಯ. ಒಂದು ಸಹಿಗೆ ಪಕ್ಕದೂರಿನ ಮಂಡಲದ ಆಫೀಸಿಗೆ ಮೂರು ಮೈಲಿ ನಡೆದೋಳು ನಾನು. ಹೋದರೆ ಪ್ರಧಾನರು ಮದುವೆಗೆ ಹೋಗಿರೋರು."