ಗಿರಿ ಬೋಳಾಗಿರುವುದು ಮರ ಕಡಿದಿದ್ದಕ್ಕಾ?

"ಮುಳ್ಳಯ್ಯನಗಿರಿ ನೋಡಿ, ಮರ ಕಡಿದು ಬೋಳು ಮಾಡಿದ್ದಾರೆ. ಬೀಜದುಂಡೆ ಎಸೆಯಿರಿ, ಕಡೂರಿಗೆ ಮಳೆ ಬರುತ್ತೆ." ಇಂಥ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಕಾಳಜಿ ಒಳ್ಳೆಯದೇ, ವಿಷಯ ಮಾತ್ರ ತಪ್ಪು.

ಗಿರಿಯ ಮೈಮೇಲಿರುವುದು ಸಹಜ ಹುಲ್ಲುಗಾವಲು. ಮರಗಳು ಗಾಳಿಯ ಹೊಡೆತ ತಪ್ಪುವ ಕಣಿವೆ ಸಂದುಗಳಲ್ಲಿವೆ. ಅದೇ ಶೋಲಾ ಕಾಡು. ನೀಲಗಿರಿಯಲ್ಲೂ ಇಂಥದೇ ಜೋಡಿ ಇದೆ. ಅಲ್ಲಿನ ಜೌಗು ಮಣ್ಣು ಪರೀಕ್ಷಿಸಿದಾಗ 20,000 ವರ್ಷಕ್ಕೂ ಹಿಂದೆಯೇ ಹುಲ್ಲುಗಾವಲು ಇದ್ದದ್ದು ಗೊತ್ತಾಗಿದೆ. ಆಗ ಕಾಡು ಕಡಿಯಲು ಯಾರಿದ್ದರು? 2022ರಲ್ಲಿ ಮುಳ್ಳಯ್ಯನಗಿರಿ ಕಡೆ ಅರಳಿದ ನೀಲಕುರಿಂಜಿ ಹೂಗಿಡಕ್ಕೂ ಬಯಲೇ ಬೇಕು.

ಮಳೆಗಾಲದಲ್ಲಿ ಹುಲ್ಲಿನ ಬುಡ ಬಿಡಿಸಿ ನೋಡಿ. ಒದ್ದೆ ಕಪ್ಪು ಮಣ್ಣು, ಒತ್ತಿದರೆ ನೀರು ಜಿನುಗುತ್ತದೆ. ಆ ನೀರೇ ನಿಧಾನಕ್ಕೆ ಇಳಿದು ವೇದಾ, ಅವತಿ ಹೊಳೆಗಳಾಗಿ ಕಡೂರಿನ ಕಡೆ ಹರಿಯುತ್ತದೆ. ಬೆಟ್ಟದ ಪೂರ್ವಕ್ಕಿರುವ ಕಡೂರಿಗೆ ಮಳೆ ಕಡಿಮೆ ಯಾಕೆ? ಪಶ್ಚಿಮದಿಂದ ಬರುವ ಮುಂಗಾರಿನ ಮೋಡವನ್ನು ಬೆಟ್ಟಸಾಲೇ ತಡೆಯುತ್ತದೆ. ಬೀಜದುಂಡೆಗೂ ಅದಕ್ಕೂ ಸಂಬಂಧವಿಲ್ಲ. ಹುಲ್ಲಿನ ಜಾಗದಲ್ಲಿ ಅಕೇಶಿಯಾ, ನೀಲಗಿರಿ ಮರ ನೆಟ್ಟರೆ ಹೊಳೆಗೆ ಇಳಿಯುವ ನೀರು ಕಡಿಮೆಯಾಗುತ್ತದೆ, ಅಷ್ಟೆ.

ಹಾಗಂತ ಗಿರಿ ಕ್ಷೇಮವಾಗಿಲ್ಲ. ಬಿಸಿಲು ಏರಿದಷ್ಟೂ ಹುಲ್ಲು ಬೇಗ ಒಣಗುತ್ತದೆ. ಕಾಳ್ಗಿಚ್ಚು ಹೆಚ್ಚಾಗಿ ತಾನಾಗಿ ಹುಟ್ಟುವುದಿಲ್ಲ, ಜನ ಹಚ್ಚಿದ್ದು ಅಥವಾ ಸುಮ್ನೆ ಎಸೆದ ಬೀಡಿಯದು. ಶೋಲಾದ ಅಂಚು ಸುಟ್ಟರೆ ಮತ್ತೆ ಚಿಗುರುವುದು ಕಷ್ಟ. ರಸ್ತೆಗೆ ಗುಡ್ಡ ಸೀಳಿದ ಕಡೆ, ಒಂದೇ ಸಮ ಸುರಿಯುವ ಮಳೆಗೆ ಮಣ್ಣು ಕುಸಿಯುತ್ತದೆ.

ಗಿಡ ನೆಡಲೇಬೇಕೆಂದರೆ ನಿಮ್ಮ ಹೊಲದ ಬದುವಿಗೆ ಹೊಂಗೆ, ಬೇವು ನೆಡಿ. ಗಿರಿಗೆ ಹೋದಾಗ ಬೆಂಕಿಪೊಟ್ಟಣ ಮನೆಯಲ್ಲೇ ಬಿಡಿ.