ಮ್ಯಾಡಿಸನ್‌ನಲ್ಲಿ ಅಮ್ಮನ ಪ್ರದಕ್ಷಿಣೆ

ಶುಕ್ರವಾರ ಸಂಜೆ ಕಾರಿನ ಕೀಲಿಯನ್ನು ಹೋಟೆಲ್ ರೂಮಿನ ಟಿವಿ ಪಕ್ಕ ಇಟ್ಟೆ. ಭಾನುವಾರ ಮಧ್ಯಾಹ್ನದವರೆಗೆ ಮುಟ್ಟಲಿಲ್ಲ. ಅಮೆರಿಕಕ್ಕೆ ಬಂದು 11 ವರ್ಷವಾಯಿತು. ಹಿಮ ಬಿದ್ದು ಮನೆಯೊಳಗೆ ಕೂತ ದಿನಗಳನ್ನು ಬಿಟ್ಟರೆ ಇಷ್ಟು ಹೊತ್ತು ಕಾರು ಹತ್ತದೆ ಇದ್ದ ನೆನಪಿಲ್ಲ.

ಊರು ಮ್ಯಾಡಿಸನ್, ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ. ಚಿಕಾಗೋ ಹತ್ತಿರದ ನಮ್ಮ ಮನೆಯಿಂದ ಎರಡೂವರೆ ಗಂಟೆ ದಾರಿ. ಹೊರಟವರು ಐದು ಜನ. ನಾನು, ಹೆಂಡತಿ, 12 ವರ್ಷದ ಮಗಳು, 7 ವರ್ಷದ ಮಗ, ಮತ್ತೆ ಹಾಸನದ ಕಡೆಯ ಹಳ್ಳಿಯಿಂದ ಆರು ತಿಂಗಳಿಗೆ ಅಂತ ಬಂದಿರುವ ಅಮ್ಮ. ಅಮ್ಮನಿಗೆ 68. ಮೊಣಕಾಲು ಆಗಾಗ ಹಿಡಿದುಕೊಳ್ಳುತ್ತದೆ. "ವಯಸ್ಸಾದವರನ್ನ ಕರ್ಕೊಂಡು ನಡೆಯೋ ಪ್ರವಾಸ ಮಾಡ್ತೀಯಾ, ಬುದ್ಧಿ ಇದೆಯಾ?" ಅಂತ ಗೆಳೆಯರು ಬೈದರು. ಆದರೆ ಹೋಗಿದ್ದೇ ಅಮ್ಮನಿಗೋಸ್ಕರ.

ಜೂನ್‌ನಲ್ಲಿ ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಅಮ್ಮ ಸೀರೆ ಉಟ್ಟು, ಮೇಲೆ ಮೊಮ್ಮಗನ ಟೋಪಿ ಹಾಕಿಕೊಂಡು ನಮ್ಮ ಬೀದಿಯಲ್ಲಿ ನಡೆಯುತ್ತಿದ್ದಳು. ಒಂದು ಕಾರು ನಿಂತಿತು. ಗಾಜು ಇಳಿಯಿತು. ಒಳಗಿದ್ದ ಹೆಂಗಸು ಏನೋ ಕೇಳಿದಳು. ಅಮ್ಮನಿಗೆ ಅರ್ಥವಾಗಲಿಲ್ಲ, ಸುಮ್ನೆ ನಕ್ಕಳು. ಆಕೆ ಪಾಪ ಒಳ್ಳೆಯವಳೇ. ದಾರಿ ತಪ್ಪಿದೆಯಾ, ಮನೆಗೆ ಬಿಡಲಾ ಅಂತ ಕೇಳಿದ್ದು. ನಮ್ಮ ಮನೆ ಅಲ್ಲಿಂದ ಕಾಣುತ್ತಿತ್ತು! ಅವತ್ತಿನಿಂದ ಅಮ್ಮ ವಾಕಿಂಗ್ ಬಿಟ್ಟಳು. "ನಾನು ನಡೆದರೆ ಜನ ಗಾಬರಿ ಆಗ್ತಾರೆ ಕಣೋ" ಅಂದಳು.

ಇಲ್ಲಿರುವ ನಮ್ಮವರೆಲ್ಲ ಒಂದೇ ಮಾತು ಹೇಳುತ್ತೇವೆ. ಅಪ್ಪ ಅಮ್ಮನಿಗೆ ಇಲ್ಲಿ ಬೇಜಾರಾಗುತ್ತೆ, ಭಾಷೆ ಬರಲ್ಲ, ಚಳಿ, ಅದಕ್ಕೇ ಮೂರನೇ ತಿಂಗಳಿಗೇ ವಾಪಸ್ ಟಿಕೆಟ್ ಕೇಳ್ತಾರೆ ಅಂತ. ನನಗೂ ಹಾಗೇ ಅನ್ನಿಸಿತ್ತು. ಈಗ ಅನ್ನಿಸುವುದು ಬೇರೆ. ಅಮ್ಮನಿಗೆ ಭಾಷೆ ಬರದೇ ಇರುವುದು ಚಿಕ್ಕ ತೊಂದರೆ. ಮನೆಯಿಂದ ಹೊರಟರೆ ತಲುಪುವುದಕ್ಕೆ ಏನೂ ಇಲ್ಲದಿರುವುದು ದೊಡ್ಡ ತೊಂದರೆ. ಊರಲ್ಲಿ ಅವಳು ದಿನಕ್ಕೆ ಹತ್ತು ಸಲ ಹೊರಗೆ ಹೋಗುತ್ತಾಳೆ. ಡೇರಿಗೆ, ಅಂಗಡಿಗೆ, ಯಾರದೋ ಜಗಲಿಗೆ. ಇಲ್ಲಿ ಹೊರಗೆ ಹೋಗಬೇಕೆಂದರೆ ನಾನು ಮೀಟಿಂಗ್ ಮುಗಿಸಿ ಕೀಲಿ ತೆಗೆದುಕೊಳ್ಳಬೇಕು. ಅದಕ್ಕೆ ಪರಿಹಾರ ಅಂತ ನಾವು ಮಾಡುವುದೇನು? ಒಂಬತ್ತು ಗಂಟೆ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ನಯಾಗರಾ ತೋರಿಸಿಕೊಂಡು ಬರುವುದು. ನಾನೂ ಮಾಡಿದ್ದೇನೆ. ಫೋಟೋ ಚೆನ್ನಾಗಿ ಬಂದಿದೆ.

ಮ್ಯಾಡಿಸನ್‌ನ ಹಳೆಯ ಊರು ಇರುವುದು ಎರಡು ಕೆರೆಗಳ ನಡುವಿನ ಕಿರಿದಾದ ನೆಲದ ಮೇಲೆ. ಒಂದು ಕಡೆ ಮೆಂಡೋಟಾ, ಇನ್ನೊಂದು ಕಡೆ ಮೊನೋನಾ. ಕೆರೆ ಅಂದರೆ ನಮ್ಮ ಲೆಕ್ಕದ ಕೆರೆಯಲ್ಲ, ಆಚೆ ದಡ ಮಸುಕಾಗಿ ಕಾಣುವಷ್ಟು ದೊಡ್ಡವು. ನಡುವಿನ ನೆಲ ಕಿರಿದಾದ ಕಡೆ ಒಂದು ಮೈಲಿ ಅಗಲವೂ ಇಲ್ಲ. ಊರು ಪಕ್ಕಕ್ಕೆ ಹಿಗ್ಗಲು ಜಾಗವಿಲ್ಲದೆ ಒತ್ತೊತ್ತಾಗಿ ಬೆಳೆದಿದೆ. ನಡೆಯುವವರಿಗೆ ಅದೇ ಅನುಕೂಲ. ಇಲ್ಲಿಯ ಮೂಲನಿವಾಸಿ ಹೋ-ಚಂಕ್ ಜನ ಈ ಜಾಗವನ್ನು ದೇಜೋಪ್ ಅನ್ನುತ್ತಾರೆ, ನಾಲ್ಕು ಕೆರೆಗಳು ಅಂತ ಅರ್ಥ. 1832ರ ಒಪ್ಪಂದದಲ್ಲಿ ಅವರು ಈ ನೆಲ ಬಿಟ್ಟುಕೊಡಬೇಕಾಯಿತು.

ಅದಾದ ನಾಲ್ಕೇ ವರ್ಷಕ್ಕೆ, 1836ರಲ್ಲಿ, ಜೇಮ್ಸ್ ಡೋಟಿ ಎಂಬ ಮಾಜಿ ನ್ಯಾಯಾಧೀಶ ಇಲ್ಲಿ ಕಾಗದದ ಮೇಲೆ ಊರು ಬರೆದ. ಆಗ ಇಲ್ಲಿ ಊರೇ ಇರಲಿಲ್ಲ. ಜಾಗ ಮಾತ್ರ ಅವನದು. ರಾಜಧಾನಿ ಎಲ್ಲಿ ಆಗಬೇಕೆಂದು ಶಾಸಕರು ಜಗಳವಾಡುತ್ತಿದ್ದಾಗ ಅವರಲ್ಲಿ ಹಲವರಿಗೆ ಒಳ್ಳೊಳ್ಳೆ ಸೈಟು ಹಂಚಿದ. ಚಳಿಗೆ ಹೊದೆಯಲು ಕಾಡೆಮ್ಮೆ ಚರ್ಮದ ಕಂಬಳಿಯನ್ನೂ ಕೊಟ್ಟನಂತೆ. ರಾಜಧಾನಿ ಇಲ್ಲೇ ಆಯಿತು. ಇದನ್ನು ಹೇಳಿದಾಗ ಅಮ್ಮ ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಸೈಟು ಸರಿ, ಕಂಬಳಿ ಯಾಕೆ?" ಅಂತ ಮಾತ್ರ ಕೇಳಿದಳು.

ಶನಿವಾರ ಬೆಳಗ್ಗೆ ಏಳೂವರೆಗೆ ಹೋಟೆಲಿನಿಂದ ಹೊರಟು ಐದು ನಿಮಿಷ ನಡೆದರೆ ಕ್ಯಾಪಿಟಲ್ ಚೌಕ. ನಡುವೆ ರಾಜ್ಯದ ಶಾಸನಸಭೆಯ ದೊಡ್ಡ ಗುಮ್ಮಟದ ಕಟ್ಟಡ, ಸುತ್ತ ರೈತರ ಸಂತೆ. 1972ರಿಂದ ನಡೆಯುತ್ತಿರುವ ಸಂತೆ ಇದು. ನಿಯಮ ಒಂದೇ: ಬೆಳೆದವರೇ, ಮಾಡಿದವರೇ ತಂದು ಮಾರಬೇಕು. ದಲ್ಲಾಳಿಗೆ ಜಾಗವಿಲ್ಲ. ಈ ಥರದ ಸಂತೆಗಳಲ್ಲಿ ದೇಶದಲ್ಲೇ ದೊಡ್ಡದು ಅಂತ ಹೆಸರು.

ಇನ್ನೊಂದು ನಿಯಮ ಎಲ್ಲೂ ಬರೆದು ಹಾಕಿದ್ದು ಕಾಣಲಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಜನ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಾರೆ. ಗುಮ್ಮಟ ಎಡಗಡೆ ಬರುತ್ತದೆ. ಅಮ್ಮ ಹತ್ತು ಹೆಜ್ಜೆ ಹೋಗಿ ನಿಂತಳು. "ಇದೇನೋ ಎಲ್ಲಾ ಅಪ್ರದಕ್ಷಿಣೆ ಹಾಕ್ತಿದ್ದಾರೆ!" ದೇವಸ್ಥಾನ ಅಲ್ಲಮ್ಮ, ಅಸೆಂಬ್ಲಿ ಅಂದೆ. "ಏನಾದರೇನು, ನಾಲ್ಕು ಬಾಗಿಲು, ಮೇಲೆ ಗೋಪುರ." ಹಿಂದೆ ತಿರುಗಿ ಬಲಕ್ಕೆ ಹೊರಟೇಬಿಟ್ಟಳು. ಎದುರಿಗೆ ಸ್ಟ್ರಾಲರ್, ನಾಯಿ, ಹೂವಿನ ಕಟ್ಟು ಹಿಡಿದವರ ಪ್ರವಾಹ. ಅಮ್ಮ ಕೈಚೀಲ ಎದೆಗೆ ಒತ್ತಿಕೊಂಡು ಆ ಪ್ರವಾಹವನ್ನು ಸೀಳಿಕೊಂಡು ಹೋದಳು. ಜನ ನಗುತ್ತಾ ಜಾಗ ಬಿಟ್ಟರು. ಅರ್ಧ ಚೌಕ ಆದಮೇಲೆ ಅವಳಿಗೇ ಸಾಕಾಯಿತು. "ಸರಿ ಬಿಡು, ಇವರ ಊರು ಇವರ ಶಾಸ್ತ್ರ" ಅಂತ ಹೊಳೆ ಹರಿದ ಕಡೆ ತಿರುಗಿದಳು.

ಹಾಗೆ ತಿರುಗಿದ ಜಾಗದಲ್ಲೇ ಹಾಗಲಕಾಯಿ ಸಿಕ್ಕಿತು. ಜೊತೆಗೆ ಮೊಳದುದ್ದದ ಅಲಸಂದೆ ಕಾಯಿ, ಸಣ್ಣ ಖಾರದ ಮೆಣಸಿನಕಾಯಿ, ಬೇರು ಸಮೇತ ಕೊತ್ತಂಬರಿ. ಮಾರುತ್ತಿದ್ದದ್ದು ಅಮ್ಮನ ವಯಸ್ಸಿನ ಒಬ್ಬ ಹ್ಮಾಂಗ್ ಅಜ್ಜಿ. ಹ್ಮಾಂಗ್ ಜನ ಲಾವೋಸ್‌ನ ಬೆಟ್ಟದವರು. ಅಲ್ಲಿಯ ಯುದ್ಧದಲ್ಲಿ ಅಮೆರಿಕದ ಪರ ನಿಂತು, 1975ರ ನಂತರ ನಿರಾಶ್ರಿತರಾಗಿ ಬಂದವರು. ಕ್ಯಾಲಿಫೋರ್ನಿಯಾ, ಮಿನ್ನೆಸೋಟ ಬಿಟ್ಟರೆ ಅವರು ಜಾಸ್ತಿ ಇರುವುದು ವಿಸ್ಕಾನ್ಸಿನ್‌ನಲ್ಲೇ. ಆ ಅಜ್ಜಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಮ್ಮ ಒಂದು ಹಾಗಲಕಾಯಿ ಎತ್ತಿ, ಉಗುರಿನಿಂದ ಒತ್ತಿ ನೋಡಿ, ಮುಖ ಸಿಂಡರಿಸಿದಳು. ಅಜ್ಜಿ ನಕ್ಕು, ಕೆಳಗಿನ ಬುಟ್ಟಿಯಿಂದ ಎಳೆಯದನ್ನು ತೆಗೆದು ಕೊಟ್ಟಳು. ಅಮ್ಮ ಮೂರು ಬೆರಳು ತೋರಿಸಿದಳು. ಅಜ್ಜಿ ನಾಲ್ಕು ತೋರಿಸಿದಳು. ಕೊನೆಗೆ ನಾಲ್ಕು ಡಾಲರ್ ಕೊಟ್ಟದ್ದಾಯಿತು, ಮೇಲೆ ಒಂದು ಹಿಡಿ ಮೆಣಸಿನಕಾಯಿ ಕೊಸರು ಬಂತು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಅನುವಾದಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಹೋಟೆಲ್ ರೂಮಿನಲ್ಲಿ ಒಲೆ ಇಲ್ಲ, ಹಾಗಲಕಾಯಿ ಏನು ಮಾಡ್ತೀಯಾ ಅಂತ ಕೇಳಬೇಕೆಂದುಕೊಂಡು ಬಾಯಿ ಮುಚ್ಚಿಕೊಂಡೆ.

ಮಕ್ಕಳಿಗೆ ಚೀಸ್ ಕರ್ಡ್ಸ್ ಕೊಡಿಸಿದೆವು. ಹೆಸರಲ್ಲಿ ಮೊಸರಿದೆ, ಆದರೆ ಮೊಸರಲ್ಲ, ಅಚ್ಚಿಗೆ ಹಾಕುವ ಮುಂಚಿನ ಚೀಸ್ ತುಂಡು. ತಾಜಾ ಇದ್ದರೆ ಅಗಿಯುವಾಗ ಹಲ್ಲಿಗೆ ಉಜ್ಜಿ ಹೊಸ ಚಪ್ಪಲಿ ಥರ ಕೀಚ್ ಅನ್ನುತ್ತದೆ. ಒಂದೆರಡು ದಿನ ಕಳೆದರೆ ಆ ಸದ್ದು ಹೋಗುತ್ತದೆ. ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಲ್ಲ ತಾನೇ ಅಂತ ಕೇಳಿಕೊಂಡೇ ತೆಗೆದುಕೊಂಡೆವು. ಮಗ ದಿನವಿಡೀ ಕೀಚ್ ಕೀಚ್ ಅನ್ನಿಸಿಕೊಂಡು ಓಡಾಡಿದ.

ಕ್ಯಾಪಿಟಲ್ ಕಟ್ಟಡದೊಳಕ್ಕೆ ಸುಮ್ನೆ ಹೋಗಬಹುದು. ನಾವು ಹೋದಾಗ ಬಾಗಿಲಲ್ಲಿ ಯಾರೂ ಚೀಲ ಬಿಚ್ಚಿಸಲಿಲ್ಲ, ಗುರುತಿನ ಚೀಟಿ ಕೇಳಲಿಲ್ಲ. ಹಾಗಲಕಾಯಿ ಸಮೇತ ಒಳಗೆ ಹೋದೆವು. ಮೊದಲಿದ್ದ ಕಟ್ಟಡ 1904ರಲ್ಲಿ ಗ್ಯಾಸ್ ದೀಪದ ಬೆಂಕಿಗೆ ಸುಟ್ಟುಹೋಯಿತು. ತಮಾಷೆ ಅಂದರೆ, ಬೆಂಕಿ ವಿಮೆಯನ್ನು ಸ್ವಲ್ಪ ದಿನದ ಹಿಂದಷ್ಟೇ ರದ್ದು ಮಾಡಿದ್ದರು. ಈಗಿನದನ್ನು 1906ರಿಂದ 1917ರವರೆಗೆ ಕಟ್ಟಿದರು. ಗುಮ್ಮಟ ಪೂರಾ ಗ್ರಾನೈಟ್. ತುದಿಯಲ್ಲಿ ಚಿನ್ನದ ಲೇಪದ ಹೆಂಗಸಿನ ಪ್ರತಿಮೆ, ಅವಳ ಶಿರಸ್ತ್ರಾಣದ ಮೇಲೆ ಒಂದು ಬ್ಯಾಡ್ಜರ್. ನಮ್ಮ ಕಡೆಯ ತರಕರಡಿಯ ದೂರದ ನೆಂಟ ಅನ್ನಿ. ಹಿಂದೆ ಸೀಸದ ಗಣಿ ಕೆಲಸದವರು ಚಳಿಗೆ ಗುಡ್ಡದಲ್ಲಿ ಬಿಲ ತೋಡಿಕೊಂಡು ಇದ್ದರಂತೆ, ಅದರಿಂದ ರಾಜ್ಯಕ್ಕೇ ಆ ಪ್ರಾಣಿಯ ಹೆಸರು ಅಂಟಿತು. ಮಕ್ಕಳು ಮೇಲೆ ಹತ್ತಿ ಎರಡೂ ಕೆರೆ ನೋಡಿ ಬಂದರು. ಅಮ್ಮ ಕೆಳಗೆ ಕಲ್ಲಿನ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಮೊಣಕಾಲಿಗೆ ರಜೆ ಕೊಟ್ಟಳು.

ಮಧ್ಯಾಹ್ನದ ಮೇಲೆ ಸ್ಟೇಟ್ ಸ್ಟ್ರೀಟ್. ಕ್ಯಾಪಿಟಲ್‌ನಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ನೇರ ಬೀದಿ, ಒಂದು ಮೈಲಿಗೂ ಕಮ್ಮಿ. ಬಸ್ಸು, ಸೈಕಲ್, ಸಾಮಾನಿನ ಗಾಡಿ ಬರಬಹುದು, ನನ್ನ ನಿಮ್ಮ ಕಾರು ಬರುವ ಹಾಗಿಲ್ಲ. 2020ರ ಕೊನೆಯಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ವಾರಾಂತ್ಯದಲ್ಲಿ ಕೆಲವು ತಿಂಗಳು ಹೀಗೆ ಮಾಡಿದ್ದರು, ನೆನಪಿದೆಯಾ? ಅಲ್ಲಿ ಪ್ರಯೋಗವಾಗಿ ಮುಗಿದದ್ದು ಇಲ್ಲಿ ಹಲವು ದಶಕದಿಂದ ಮಾಮೂಲಿ. ನಾನು ಗಮನಿಸಿದ್ದು ಒಂದು ಚಿಕ್ಕ ವಿಷಯ. ಮಗನ ಕೈಯನ್ನು ಅಮ್ಮ ಬಿಟ್ಟಳು. ನಮ್ಮ ಬಡಾವಣೆಯಲ್ಲಿ, ಮಾಲ್‌ನ ಪಾರ್ಕಿಂಗಿನಲ್ಲಿ, ಅವಳು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೇ ಇರುತ್ತಾಳೆ. ಇಲ್ಲಿ ಅವನು ಮುಂದೆ ಓಡಿದ, ಕಿಟಕಿಗಳಿಗೆ ಮೂಗು ಒತ್ತಿದ, ವಾಪಸ್ ಬಂದ.

ಬೀದಿ ಮುಗಿದು ಸ್ವಲ್ಪ ಮುಂದೆ ಮೆಂಡೋಟಾ ದಂಡೆಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಭವನ ಮೆಮೋರಿಯಲ್ ಯೂನಿಯನ್‌ನ ಟೆರೇಸ್. ಹಸಿರು, ಹಳದಿ, ಕಿತ್ತಳೆ ಬಣ್ಣದ ಕಬ್ಬಿಣದ ಕುರ್ಚಿಗಳು, ಬೆನ್ನಿಗೆ ಸೂರ್ಯನ ಕಿರಣದ ವಿನ್ಯಾಸ. ಯಾರು ಬೇಕಾದರೂ ಕೂರಬಹುದು. ವಿಶ್ವವಿದ್ಯಾಲಯದ ಸ್ವಂತ ಡೇರಿಯ ಐಸ್‌ಕ್ರೀಮ್ ಇಲ್ಲಿ ಸಿಗುತ್ತದೆ, ಬ್ಯಾಬ್ಕಾಕ್ ಅಂತ ಹೆಸರು. ಯಾರು ಈ ಬ್ಯಾಬ್ಕಾಕ್ ಅಂತ ಮಗಳು ಫೋನಿನಲ್ಲಿ ಹುಡುಕಿ ಓದಿದಳು. ಸ್ಟೀಫನ್ ಬ್ಯಾಬ್ಕಾಕ್ ಇಲ್ಲಿಯ ವಿಜ್ಞಾನಿ. 1890ರಲ್ಲಿ ಹಾಲಿನ ಕೊಬ್ಬು ಅಳೆಯುವ ಸುಲಭ ಪರೀಕ್ಷೆ ಕಂಡುಹಿಡಿದ. ಹಾಲಿಗೆ ಆಸಿಡ್ ಹಾಕಿ, ಉದ್ದ ಕತ್ತಿನ ಬಾಟಲಿಯಲ್ಲಿ ಜೋರಾಗಿ ತಿರುಗಿಸಿದರೆ ಕೊಬ್ಬು ಕತ್ತಿಗೆ ಬಂದು ನಿಲ್ಲುತ್ತದೆ, ಅಲ್ಲಿ ಅಂಕಿ ಓದಬೇಕು.

ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಮ್ಮ ಐಸ್‌ಕ್ರೀಮ್ ಕೆಳಗಿಟ್ಟಳು. "ಇದು ನಮ್ಮ ಡೇರೀದು!" ಅಂದಳು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಹಳ್ಳಿಯ ಹಾಲಿನ ಸಂಘದಲ್ಲಿ ಇದನ್ನೇ ಮಾಡುತ್ತಿದ್ದರು. ಗಾಜಿನ ಕೊಳವೆ, ಆಸಿಡ್, ಕೈಯಲ್ಲಿ ತಿರುಗಿಸುವ ಚಕ್ರ. ನಮ್ಮಲ್ಲಿ ಬಂದದ್ದು ಸ್ವಿಟ್ಜರ್ಲೆಂಡಿನ ಗರ್ಬರ್‌ನ ವಿಧಾನ, ಅದೂ ಹೆಚ್ಚುಕಮ್ಮಿ ಅದೇ ಕಾಲದ್ದು, ಉಪಾಯ ಒಂದೇ. ಅದಕ್ಕೂ ಮುಂಚೆ ವಿಸ್ಕಾನ್ಸಿನ್‌ನಲ್ಲೂ ಹಾಲನ್ನು ತೂಕಕ್ಕೆ ಕೊಳ್ಳುತ್ತಿದ್ದರು. ಹಾಗಾಗಿ ನೀರು ಬೆರೆಸಿದವನಿಗೇ ಲಾಭ, ಕೆನೆ ತೆಗೆದು ಹಾಕಿದವನಿಗೆ ಇನ್ನೂ ಲಾಭ. ಪರೀಕ್ಷೆ ಬಂದಮೇಲೆ ಒಳ್ಳೆಯ ಹಾಲಿಗೆ ಒಳ್ಳೆಯ ಬೆಲೆ ಬಂತು. ಬ್ಯಾಬ್ಕಾಕ್ ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಅಮ್ಮ ಆಮೇಲೆ ಒಂದು ಗಂಟೆ ಮೊಮ್ಮಗಳಿಗೆ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ), ಡಿಗ್ರಿ, ಬೆಳಗಿನ ಹಾಲಿಗೂ ಸಂಜೆ ಹಾಲಿಗೂ ಇರುವ ವ್ಯತ್ಯಾಸ ಎಲ್ಲ ಪಾಠ ಮಾಡಿದಳು. ನಾಲ್ಕು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದು ಅವತ್ತೇ. ಮಗಳು ಫೋನ್ ಬದಿಗಿಟ್ಟು ಕೇಳಿದ್ದೂ ಅವತ್ತೇ.

ಎಲ್ಲ ಚೆಂದ ಅಂತ ಬರೆದರೆ ಸುಳ್ಳಾಗುತ್ತದೆ. ದಂಡೆಯ ನೀರು ಕೆಲವು ಕಡೆ ಹಸಿರು ಗಂಜಿಯ ಹಾಗಿತ್ತು, ವಾಸನೆಯೂ ಇತ್ತು. ಸುತ್ತಲಿನ ಹೊಲಗಳಿಂದ ಸಗಣಿ ಗೊಬ್ಬರದ ರಂಜಕ ಹರಿದು ಬಂದು ಬೇಸಿಗೆಯಲ್ಲಿ ಪಾಚಿ ಉಕ್ಕುತ್ತದೆ. ಐಸ್‌ಕ್ರೀಮ್ ಕೊಟ್ಟ ಹಸುವೇ ಇದನ್ನೂ ಕೊಟ್ಟದ್ದು ಅಂತಾಯಿತು. ಹೋಟೆಲಿನ ಪಾರ್ಕಿಂಗಿಗೆ ನಿಂತ ಕಾರಿಗೂ ದಿನಕ್ಕಿಷ್ಟು ದುಡ್ಡು. ಮ್ಯಾಡಿಸನ್ ಹೊರವಲಯದಲ್ಲೇ ಇರುವ ಗೆಳೆಯನಿಗೆ ಫೋನ್ ಮಾಡಿದರೆ ಅವನು ಹೇಳಿದ್ದು: "ನಾನು ಡೌನ್‌ಟೌನಿಗೆ ಬರೋದೇ ನೆಂಟರು ಬಂದಾಗ." ಅವನ ಮನೆಯ ಸುತ್ತ ನಮ್ಮ ಬಡಾವಣೆಯದೇ ಇನ್ನೊಂದು ಪ್ರತಿ. ನಡೆಯುವ ಊರು ಅಂದರೆ ಆ ಎರಡು ಕೆರೆಗಳ ನಡುವಿನ ಚೂರು ಮಾತ್ರ.

ಭಾನುವಾರ ಬೆಳಗ್ಗೆ ಮೊನೋನಾ ಟೆರೇಸಿಗೆ ಹೋದೆವು. ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1938ರಲ್ಲಿ ನಕ್ಷೆ ಕೊಟ್ಟ ಕಟ್ಟಡ. ಬಾಗಿಲು ತೆರೆದದ್ದು 1997ರಲ್ಲಿ, ಅವನು ಸತ್ತು 38 ವರ್ಷವಾದ ಮೇಲೆ. ಅದರ ತಾರಸಿಯ ಮೇಲೆ ನಿಂತು ಕೆರೆ ನೋಡಿದೆವು. ಕ್ಯಾಂಪಸ್ಸಿನಲ್ಲಿ ನಮ್ಮ ದೇಶದಿಂದ ಬಂದ ವಿಜ್ಞಾನಿ ಹರಗೋಬಿಂದ್ ಖುರಾನಾ ಕೆಲಸ ಮಾಡಿದ ಜಾಗ ತೋರಿಸಬೇಕೆಂದಿದ್ದೆ. 1968ರಲ್ಲಿ ನೊಬೆಲ್ ಬಂದಾಗ ಅವರು ಈ ಊರಲ್ಲೇ ಇದ್ದರು. ಮಗನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಅದು ಅಲ್ಲಿಗೇ ನಿಂತಿತು. ಅಮ್ಮನ ಕಾಲಿಗೆ ಏನೂ ಆಗಿರಲಿಲ್ಲ. ಹೆಂಡತಿಯ ಹಳೆಯ ಫೋನು ಅಮ್ಮನ ಕೈಚೀಲದಲ್ಲಿತ್ತು, ಶನಿವಾರದ ಹೆಜ್ಜೆ 13,000 ಚಿಲ್ಲರೆ ತೋರಿಸುತ್ತಿತ್ತು. ನಡುವೆ ಎಷ್ಟು ಸಲ ಕೂತಳೋ ಲೆಕ್ಕವಿಲ್ಲ, ಆದರೆ ಕೂರಲು ಎಲ್ಲಾ ಕಡೆ ಬೆಂಚಿತ್ತು.

ಹದಿನಾಲ್ಕು ಮನೆ ನೋಡಿ ಈಗಿನ ಮನೆ ಕೊಂಡವನು ನಾನೇ. ಶಾಲೆಯ ರೇಟಿಂಗ್ ನೋಡಿದೆ, ಬೇಸ್‌ಮೆಂಟ್ ನೋಡಿದೆ, ಮೂರು ಕಾರಿನ ಗ್ಯಾರೇಜ್ ನೋಡಿ ಖುಷಿಪಟ್ಟೆ. ಬಾಗಿಲಿನಿಂದ ಹೊರಗೆ ನಡೆದು ಎಲ್ಲಿಗೆ ಹೋಗಬಹುದು ಅಂತ ಒಂದು ಸಲವೂ ನೋಡಲಿಲ್ಲ. ನಮ್ಮ ಗುಂಪಿನಲ್ಲಿ ಯಾರೂ ನೋಡಿದ್ದು ಕೇಳಿಲ್ಲ.

ಸೋಮವಾರ ಬೆಳಗ್ಗೆ ಅಮ್ಮ ಹಾಗಲಕಾಯಿ ಗೊಜ್ಜಿಗೆ ಇಟ್ಟಳು. ಬೆಲ್ಲ ಮುಗಿದಿತ್ತು. ಚಪ್ಪಲಿ ಮೆಟ್ಟಿಕೊಂಡು, ಚೀಲ ಹಿಡಿದು, "ಹೋಗಿ ತರ್ತೀನಿ, ಅಂಗಡಿ ಯಾವ ಕಡೆ?" ಅಂದಳು. ಎರಡೂವರೆ ಮೈಲಿ, ನಡುವೆ ಆರು ಲೇನಿನ ರಸ್ತೆ, ಅರ್ಧ ದಾರಿಗೆ ಫುಟ್‌ಪಾತ್ ಇಲ್ಲ.

ನಾನು ಕೀಲಿ ತೆಗೆದುಕೊಂಡೆ.