ಒಂಟೆಗೆ ಕೊಳೆರೋಗ

ಇವತ್ತು ಬೆಳಿಗ್ಗೆ ಆರು ಹತ್ತಕ್ಕೆ ಮತ್ತೆ ಬಂತು. ಫೋನು ಟಿಣ್ ಅಂದಿತು. ನೋಡದೆಯೇ ಗೊತ್ತು, ಅಕ್ಕನದ್ದು. ಮರಳ ದಿಬ್ಬದ ಮೇಲೆ ಎಳೆ ಬಿಸಿಲು, ಕೆಂಪು ಓಢ್ನಿ ಹೊದ್ದ ಒಬ್ಬ ಹೆಂಗಸು, ಅವಳ ಹಿಂದೆ ಒಂದು ಮೇಕೆ. ಕೆಳಗೆ 'ಇವತ್ತಿನ ಬಣ್ಣ' ಅಂತ ಬರೆದು ಮೂರು ಆಶ್ಚರ್ಯ ಚಿಹ್ನೆ ಹಾಕಿದ್ದಾಳೆ.

ನಾನು ಆ ಹೊತ್ತಿಗೆ ಬಚ್ಚಲೊಲೆ ಮುಂದೆ ಕುಕ್ಕರಗಾಲಲ್ಲಿ ಕೂತು ನಮ್ಮವರ ಕಾಲುಚೀಲ ಒಣಗಿಸುತ್ತಿದ್ದೆ. ಒಗೆದದ್ದು ಸೋಮವಾರ. ಇವತ್ತು ಗುರುವಾರ. ಹಿಂಡಿದರೆ ಈಗಲೂ ನೀರು ಬರುತ್ತದೆ.

ನಮ್ಮೂರು ಕೊಪ್ಪದ ಹತ್ತಿರ. ಪುನರ್ವಸು ಮಳೆ ಮುಗಿದು ಪುಷ್ಯ ಹಿಡಿದಿದೆ. ಈ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ನಿಮ್ಮ ಮನೆಯಲ್ಲೂ ನಡೀತಾ ಇರುತ್ತದೆ. ನಾನೂ ಅಕ್ಕನಿಗೆ 'ಇವತ್ತಿನ ಬಣ್ಣ' ಕಳಿಸಬಹುದಿತ್ತು. ಆಕಾಶ ಬೂದಿ. ಅಂಗಳ ಪಾಚಿ. ಗೋಡೆ ಪಾಚಿ. ಮೂಲೆಯಲ್ಲಿಟ್ಟ ಅತ್ತೆಯವರ ಊರುಗೋಲು, ಅದೂ ಪಾಚಿ.

ಭಾವನಿಗೆ ಗಾಳಿಯಂತ್ರದ ಕಂಪನಿಯಲ್ಲಿ ಕೆಲಸ. ಚಿತ್ರದುರ್ಗದ ಗುಡ್ಡದ ಮೇಲೆ ಆರಾಮಾಗಿದ್ದವರನ್ನು ಎರಡು ವರ್ಷದ ಹಿಂದೆ ಜೈಸಲ್ಮೇರಿಗೆ ಎತ್ತಿ ಹಾಕಿದರು. ಹೋಗುವಾಗ ಅಕ್ಕ ಅತ್ತಿದ್ದಳು. "ಆ ಮರಳಲ್ಲಿ ಏನೇ ನೋಡೋದು, ಬರೀ ಒಂದೇ ಬಣ್ಣ" ಅಂದಿದ್ದಳು. ನಾನೂ ಸಮಾಧಾನ ಮಾಡಿದ್ದೆ. ನಮಗೆ ಮರುಭೂಮಿ ಅಂದರೆ ಗೊತ್ತಿದ್ದದ್ದು ತಲಕಾಡು. ಅದೂ ಕಾವೇರಿ ದಂಡೆಯ ಮರಳು, ಅದೂ ಒಬ್ಬಳ ಶಾಪದಿಂದ ಬಂದದ್ದು. ಯಾರೂ ಶಾಪ ಹಾಕದೆ ಅಷ್ಟು ಮರಳು ಬೀಳುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಹೋಗಿ ಆರು ತಿಂಗಳಿಗೆ ಅಕ್ಕ ಬದಲಾದಳು. ಈಗ ದಿನಕ್ಕೊಂದು ಫೋಟೋ, ಅದರ ಹಿಂದೆಯೇ ಒಂದು ವಾಯ್ಸ್ ಮೆಸೇಜು. "ನೋಡೇ, ಇದು ಲಹರಿಯಾ. ಬಟ್ಟೆ ಸುತ್ತಿ, ಕಟ್ಟಿ ಬಣ್ಣಕ್ಕೆ ಅದ್ದೋದು. ನೀರಿನ ಅಲೆ ಥರ ಪಟ್ಟೆ ಬರುತ್ತೆ. ಶ್ರಾವಣದಲ್ಲಿ ತೀಜ್ ಹಬ್ಬಕ್ಕೆ ಉಡ್ತಾರೆ." ವರ್ಷವಿಡೀ ಸುಮಾರು 200 ಮಿಲಿಮೀಟರ್ ಮಳೆಯಷ್ಟೇ ಕಾಣುವ ಊರಲ್ಲಿ ಮೈಮೇಲೆ ನೀರಿನ ಅಲೆ! ಅಷ್ಟು ಮಳೆ ನಮ್ಮಲ್ಲಿ ಜೋರು ಹಿಡಿದರೆ ಎರಡು ಮೂರು ದಿನಕ್ಕೇ ಬಿದ್ದು ಹೋಗುತ್ತದೆ. ನಾವು ಮೈಮೇಲೆ ಹಾಕಿಕೊಳ್ಳುವುದು ಮಾತ್ರ ಗೊಬ್ಬರದ ಚೀಲದ ಕೊಪ್ಪೆ.

ಇನ್ನೊಂದು ದಿನ ಕೋಟೆ. "1156ರಲ್ಲಿ ಕಟ್ಟಿದ್ದು ಕಣೇ. ಹಳದಿ ಕಲ್ಲು, ಸಂಜೆ ಬಂಗಾರದ ಥರ ಹೊಳೆಯುತ್ತೆ. ಒಳಗೆ ಇವತ್ತಿಗೂ ಜನ ಸಂಸಾರ ಮಾಡ್ತಿದ್ದಾರೆ." ನಾನು ನಮ್ಮ ಹಜಾರದ ಗೋಡೆ ನೋಡಿದೆ. ಬಣ್ಣ ಹೊಡೆಸಿದ್ದು ಹೋದ ದೀಪಾವಳಿಗೆ. ಹಪ್ಪಳದ ಹಾಗೆ ಎದ್ದು ನಿಂತಿದೆ.

ನನಗೆ ಸಿಟ್ಟು ಬರಿಸಿದ್ದು ಫೋಟೋ ಅಲ್ಲ. ಒಂದು ದಿನ ಅಕ್ಕ, "ನೀನು ಚಿತ್ರ ಬರೀತೀಯಲ್ಲೇ, ಪಾಪ, ಅಲ್ಲಿ ಬರಿಯೋಕೆ ಏನಿದೆ ಮಾರಾಯ್ತಿ, ಎಲ್ಲಾ ಹಸಿರು" ಅಂದಳು. ಆ 'ಪಾಪ' ನನ್ನನ್ನು ಚುಚ್ಚಿತು. ಮಗ ಹಾಸ್ಟೆಲಿಗೆ ಹೋದ ಮೇಲೆ ನಾನು ವಾಟರ್ ಕಲರ್ ಹಿಡಿದವಳು. ಹಸಿರು ಟ್ಯೂಬು ಮುಗಿದು ಮುಗಿದು ನಾಲ್ಕನೆಯದು ನಡೀತಾ ಇತ್ತು, ಹಳದಿ ಮಣ್ಣಿನ ಬಣ್ಣದ ಟ್ಯೂಬಿನ ಮುಚ್ಚಳ ಕೂಡ ತೆಗೆದಿರಲಿಲ್ಲ. ಹಾಗಾಗಿ ಅವಳ ಮಾತಿನಲ್ಲಿ ಸ್ವಲ್ಪ ಸತ್ಯವೂ ಇತ್ತು. ಅದಕ್ಕೇ ಜಾಸ್ತಿ ಚುಚ್ಚಿತು.

ಸರಿ, ಮರುಭೂಮಿಯನ್ನೇ ಬರೆಯುತ್ತೇನೆ ಅಂತ ಕೂತೆ. ಅವಳದೇ ಒಂದು ಫೋಟೋ ಎದುರಿಟ್ಟುಕೊಂಡೆ. ಮೂವರು ಹೆಂಗಸರು ತಲೆ ಮೇಲೆ ಕೊಡ ಹೊತ್ತು ಸಾಲಾಗಿ ಹೋಗುತ್ತಿದ್ದಾರೆ. ಒಬ್ಬಳದು ಕೆಂಪು, ಒಬ್ಬಳದು ಅರಿಶಿನ, ಇನ್ನೊಬ್ಬಳದು ಕೇಸರಿ. ಪಕ್ಕದಲ್ಲಿ ಒಂದು ಒಂಟೆ. ದೂರದಲ್ಲಿ ಒಂದೇ ಒಂದು ಮರ. ಅದು ಖೇಜ್ಡಿ ಅಂತ, ಆ ಸೀಮೆಯ ಕಲ್ಪವೃಕ್ಷ ಅಂತ ಅಕ್ಕ ನಾಲ್ಕು ನಿಮಿಷ ಹೇಳಿದ್ದಳು. 1730ರಲ್ಲಿ ಜೋಧ್‌ಪುರದ ಹತ್ತಿರದ ಹಳ್ಳಿಯಲ್ಲಿ ಈ ಮರ ಕಡಿಯಬಾರದು ಅಂತ ತಬ್ಬಿ ನಿಂತು 363 ಜನ ಬಿಷ್ಣೋಯಿಗಳು ಪ್ರಾಣ ಬಿಟ್ಟರಂತೆ. ಯಾವುದೋ ದೂರದ ಮರ ಅಂದುಕೊಂಡು ಹುಡುಕಿ ನೋಡಿದರೆ ನಮ್ಮ ಬನ್ನಿ! ವಿಜಯದಶಮಿ ದಿನ ಎಲೆ ಕಿತ್ತು 'ಬಂಗಾರ' ಅಂತ ಹಂಚುತ್ತೇವಲ್ಲ, ಅದೇ. ನನಗೆ ಒಂಥರಾ ಖುಷಿಯಾಯಿತು. ಇಡೀ ಚಿತ್ರದಲ್ಲಿ ಒಬ್ಬರಾದರೂ ಪರಿಚಯದವರು ಸಿಕ್ಕಿದರಲ್ಲ.

ಬರೆಯುವುದು ಎರಡು ಸಂಜೆಯ ಕೆಲಸ. ಒಣಗುವುದೇ ಕಷ್ಟ. ಅಲ್ಲಿ ಕುಂಚ ಎತ್ತುವಷ್ಟರಲ್ಲಿ ಬಣ್ಣ ಒಣಗುತ್ತದಂತೆ. ಇಲ್ಲಿ ಮೊದಲ ದಿನ ಬಳಿದ ಮರಳು ಮೂರನೇ ದಿನವೂ ಬೆರಳಿಗೆ ಅಂಟುತ್ತಿತ್ತು. ಫ್ಯಾನ್ ಹಾಕೋಣ ಅಂದರೆ ಕರೆಂಟಿಲ್ಲ. ಕೊನೆಗೆ ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟೆ. ಎಡಗಡೆ ಅತ್ತೆಯವರ ಮಂಗನ ಟೊಪ್ಪಿ, ಬಲಗಡೆ ನಮ್ಮವರ ಬನಿಯನ್ನು, ನಡುವೆ ಥಾರ್ ಮರುಭೂಮಿ. ಎರಡು ದಿನ ಹೊಗೆ ಕುಡಿದು ಇಳಿದ ಚಿತ್ರಕ್ಕೆ ಸಂಜೆಗತ್ತಲ ಕಳೆ ಬಂದಿತ್ತು. ನಾನು ಬರೆದದ್ದು ಬೆಳಗಿನ ಹೊತ್ತು. ಇರಲಿ ಬಿಡಿ. ಚಿಕ್ಕಮಗಳೂರಿಗೆ ಹೋಗಿ ಕಟ್ಟು ಹಾಕಿಸಿದೆ. ಕಟ್ಟು ಹಾಕುವವನು "ಏನೂ ಆಗಲ್ಲಕ್ಕ, ನೂರು ವರ್ಷ ಇರುತ್ತೆ" ಅಂದ. ತಂದು ಹಜಾರದಲ್ಲಿ ಹಾಕಿದೆ.

ಹದಿನೈದನೇ ದಿನ ಒಂಟೆಯ ಡುಬ್ಬದ ಮೇಲೆ ಬಿಳಿ ಚುಕ್ಕಿ ಕಂಡವು.

ಮೊದಲು ನನಗೆ ಸಂತೋಷವೇ ಆಯಿತು. ಬೀಕಾನೇರಿನಲ್ಲಿ ಒಂಟೆಯ ಮೈಕೂದಲನ್ನೇ ಕತ್ತರಿಸಿ ಹೂಬಳ್ಳಿ ಬಿಡಿಸುತ್ತಾರೆ. ಜನವರಿಯಲ್ಲಿ ಒಂಟೆಗಳದೇ ಉತ್ಸವ ಇದೆ. ಅಕ್ಕ ಅದರ ಹನ್ನೊಂದು ಫೋಟೋ ಕಳಿಸಿದ್ದಳು. ನಾನೂ ಅಂಥದ್ದೇ ಏನೋ ಬರೆದು ಮರೆತಿರಬೇಕು ಅಂದುಕೊಂಡೆ. ಮಾರನೇ ದಿನ ಆ ಬಳ್ಳಿ ಒಂಟೆಯಿಂದ ಇಳಿದು ಮರಳಿಗೆ ಹಬ್ಬಿತು. ಅದರ ಮಾರನೇ ದಿನ ಹಸಿರಾಯಿತು. ಬೂಷ್ಟು!

ಇದರಲ್ಲಿ ಒಂದು ತಮಾಷೆ ಇದೆ. ವಾಟರ್ ಕಲರಿನ ಪುಡಿ ಕಾಗದಕ್ಕೆ ಹಿಡಿಯಲಿ ಅಂತ ಅದಕ್ಕೆ ಬೆರೆಸುವುದು ಒಂದು ಜಾತಿಯ ಜಾಲಿ ಮರದ ಗೋಂದು. ಆ ಮರ ಬೆಳೆಯುವುದು ಸುಡಾನಿನಂಥ ಒಣ ಸೀಮೆಯಲ್ಲಿ, ರಾಜಸ್ಥಾನದ ಕಡೆಯೂ ಇದೆ. ಮಳೆಯನ್ನೇ ನೋಡದೆ ಬೆಳೆದ ಗೋಂದು ಟ್ಯೂಬಿನಲ್ಲಿ ಕೂತು ಕೊಪ್ಪಕ್ಕೆ ಬಂದರೆ ನಮ್ಮ ಬೂಷ್ಟು ಸುಮ್ನೆ ಬಿಡುತ್ತದೆಯೇ? ಅದಕ್ಕೆ ಹಬ್ಬದೂಟ. ಎಲೆ ಹಾಕಿಕೊಂಡು ಕೂತೇ ಬಿಟ್ಟಿತು.

ಆ ಹೊತ್ತಿಗೆ ಸರಿಯಾಗಿ ಬಂದವರು ಕೆಳಮನೆ ಅಣ್ಣಯ್ಯ.

ಅಣ್ಣಯ್ಯನಿಗೆ ಎಪ್ಪತ್ತು ದಾಟಿದೆ. ದಿನಾ ಸಂಜೆ ನಮ್ಮಲ್ಲಿ ಕಾಫಿ. ಐವತ್ತು ವರ್ಷ ಅಡಿಕೆ ತೋಟ ನೋಡಿದ ಕಣ್ಣು. ಆ ಕಣ್ಣಿಗೆ ಪ್ರಪಂಚದಲ್ಲಿ ಎರಡೇ ಜಾತಿ. ರೋಗ ಬಂದದ್ದು, ಇನ್ನು ಬರಬೇಕಾದದ್ದು. ನಮ್ಮ ಟಿವಿಯಲ್ಲಿ ಚುಕ್ಕಿ ಬಂದಾಗ "ಎಲೆಚುಕ್ಕೆ ಶುರುವಾಯ್ತು" ಅಂದಿದ್ದರು. ಮಗನಿಗೆ ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದಾಗ "ಬೇರುಹುಳ ಇರಬಹುದು, ಬುಡ ಬಿಡಿಸಿ ನೋಡು" ಅಂದರು. ನಮ್ಮವರ ಕೂದಲು ಉದುರಲು ಶುರುವಾದಾಗ ಟೊಪ್ಪಿ ತೆಗೆಸಿ, ನೆತ್ತಿ ಬಗ್ಗಿಸಿ, ಬಹಳ ಹೊತ್ತು ನೋಡಿ "ಹಳದಿ ಎಲೆ ರೋಗ. ಇದಕ್ಕೆ ಮದ್ದಿಲ್ಲ ಮಾರಾಯ" ಅಂತ ಕಾಫಿ ಲೋಟ ಎತ್ತಿಕೊಂಡಿದ್ದರು. ನಮ್ಮವರು ಎರಡು ದಿನ ಮಾತಾಡಿರಲಿಲ್ಲ.

ಅವತ್ತು ಕರೆಂಟಿರಲಿಲ್ಲ. ಅಣ್ಣಯ್ಯ ಛತ್ರಿಯನ್ನು ಜಗಲಿಯಲ್ಲಿ ಸೋರಲು ಬಿಟ್ಟು, ಒಳಗೆ ಬಂದು, ಚಿತ್ರದ ಮುಂದೆ ನಿಂತರು. ಟಾರ್ಚ್ ಹಾಕಿದರು. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ.

"ಚೆನ್ನಾಗಿದೆ" ಅಂದರು. "ಯಾರ ತೋಟ?"

"ತೋಟ ಅಲ್ಲ ಅಣ್ಣಯ್ಯ, ಮರುಭೂಮಿ."

"ಇಷ್ಟು ಹಸಿರಿದೆ?"

"ಅದು ಬೂಷ್ಟು."

ಅಲ್ಲಿಂದ ಶುರು. ಅಣ್ಣಯ್ಯನ ಬೆನ್ನು ನೆಟ್ಟಗಾಯಿತು. ಚಿತ್ರವನ್ನು ಮೊಳೆಯಿಂದ ಇಳಿಸಿ ಅಂದರು. ಕಟ್ಟು ಬಿಚ್ಚಿಸಿದರು. ಹೆಬ್ಬೆರಳಿಗೆ ಉಗುಳು ಮುಟ್ಟಿಸಿಕೊಂಡು ಒಂಟೆಯ ಡುಬ್ಬ ಉಜ್ಜಿದರು. ಉಜ್ಜಿದ ಬೆರಳನ್ನು ಮೂಸಿದರು. ನಾನು ಹನ್ನೊಂದು ಪದರ ಬಣ್ಣ ಕೊಟ್ಟ ಡುಬ್ಬ ಅದು! ಅರ್ಧ ಅವರ ಬೆರಳಿಗೆ ಬಂತು, ಉಳಿದರ್ಧವನ್ನು ಪಂಚೆಗೆ ಒರೆಸಿಕೊಂಡರು.

"ಎಲೆ ಹಿಂಭಾಗ ನೋಡಬೇಕು" ಅಂತ ಚಿತ್ರ ತಿರುಗಿಸಿದರು. ಹಿಂದೆ ಪೂರ್ತಿ ಕಪ್ಪು. ಅಣ್ಣಯ್ಯ ನಾಲಿಗೆ ಲೊಚಗುಟ್ಟಿದರು. "ಕೊಳೆ. ಬುಡಕ್ಕೇ ಇಳಿದಿದೆ. ಮಳೆಗೆ ಮುಂಚೆ ಒಂದು ಸಲ ಹೊಡೆಸಿದ್ದಿದ್ದರೆ ಇಷ್ಟಾಗ್ತಿರಲಿಲ್ಲ. ಈ ಹೆಂಗಸರಿಗೂ ಹತ್ತಿದೆ ನೋಡು, ಆ ಕೊನೇದವಳು ಉಳಿಯೋದು ಕಷ್ಟ."

ಕೇಸರಿ ಓಢ್ನಿಯವಳು. ನನಗೆ ಅಳು ಬರುವುದೊಂದು ಬಾಕಿ.

ಅತ್ತೆಯವರು ಒಳಗಿಂದ "ಯಾರಿಗೆ ಹುಷಾರಿಲ್ವಂತೆ?" ಅಂತ ಕೇಳಿದರು.

ಅಣ್ಣಯ್ಯ ಮಳೆಯಲ್ಲೇ ಮನೆಗೆ ಹೋಗಿ ಬಂದರು. ಕೈಯಲ್ಲಿ ಒಂದು ಚೊಂಬು, ಅದರಲ್ಲಿ ಅವರ ತೋಟಕ್ಕೆ ಹೊಡೆದು ಮಿಕ್ಕಿದ್ದ ಬೋರ್ಡೋ ಮದ್ದು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್. ಮಲೆನಾಡಿನಲ್ಲಿ ಮಗ್ಗಿಗಿಂತ ಮುಂಚೆ ಇದನ್ನು ಕಲಿಯುತ್ತಾರೆ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಅಡಿಕೆ ಕೊಳೆಗೆ ಇದನ್ನು ಹೊಡೆಯುವುದು ಕಲಿಸಿಕೊಟ್ಟರು. ಅಣ್ಣಯ್ಯ ಅವರ ಬಗ್ಗೆ ಮಾತಾಡುವುದು ಕೇಳಿದರೆ ಸೋದರಮಾವ ಇರಬೇಕು ಅನ್ನಿಸುತ್ತದೆ.

"ಬೇಡ ಅಣ್ಣಯ್ಯ, ಚಿತ್ರ ಹಾಳಾಗುತ್ತೆ."

"ಇನ್ನು ಹಾಳಾಗೋಕೆ ಏನುಳಿದಿದೆ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೂ ಪರೀಕ್ಷೆ ಮಾಡದೆ ಹಚ್ಚಲು ಅವರು ಒಪ್ಪಲಿಲ್ಲ. ನಮ್ಮ ತರಕಾರಿ ಹೆಚ್ಚುವ ಚಾಕು ತರಿಸಿ ಚೊಂಬಿಗೆ ಅದ್ದಿದರು. ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಹತ್ತಲಿಲ್ಲ. "ಸರಿಯಾಗಿದೆ, ಒಂಟೆಗೆ ಉರಿಯಲ್ಲ" ಅಂದರು. ಹತ್ತಿ ಉಂಡೆ ಅದ್ದಿ ಹಿಂಭಾಗಕ್ಕೆಲ್ಲ ಹಚ್ಚಿದರು. ನನ್ನ ಕಾಗದ ಅಷ್ಟು ದಪ್ಪದ್ದಲ್ಲ. ಮದ್ದು ನಿಧಾನಕ್ಕೆ ಮುಂದಕ್ಕೆ ಇಳಿಯಿತು. ನಾನು ನೋಡುತ್ತಿದ್ದ ಹಾಗೇ ಹೊಗೆ ಹಿಡಿದ ಆಕಾಶ ಅಲ್ಲಲ್ಲಿ ತಿಳಿ ನೀಲಿಯಾಯಿತು.

ಒಲೆ ಮೇಲೆ ಮತ್ತೆ ಮೂರು ದಿನ. ನಾಲ್ಕನೇ ದಿನ, ಸೇಡು ತೀರಿಸಿಕೊಳ್ಳೋಣ ಅಂತಲೇ, ಆರು ಹತ್ತಕ್ಕೆ ಕಾದಿದ್ದು ಅಕ್ಕನಿಗೆ ಫೋಟೋ ಕಳಿಸಿದೆ. 'ನಿನ್ನ ಮರುಭೂಮಿಗೆ ಇಲ್ಲಿ ಏನಾಗಿದೆ ನೋಡು' ಅಂತ ಬರೆದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ತಕ್ಷಣ ಫೋನೇ ಮಾಡಿದಳು.

"ಏನೇ ಇದು, ಜೋಧ್‌ಪುರದ ನೀಲಿ ನಿಂಗೆಲ್ಲಿ ಸಿಕ್ತು?"

"ಕೆಳಮನೆ ಅಣ್ಣಯ್ಯನ ಚೊಂಬಲ್ಲಿ."

ಜೋಧ್‌ಪುರದ ಹಳೇ ಪೇಟೆಯ ಬಹಳಷ್ಟು ಮನೆಗಳು ನೀಲಿ. ಯಾಕೆ ಅನ್ನೋದಕ್ಕೆ ನಾಲ್ಕಾರು ಕಾರಣ ಹೇಳುತ್ತಾರೆ. ಅದರಲ್ಲಿ ಒಂದು, ಗೆದ್ದಲು ಬಾರದಿರಲಿ ಅಂತ ಸುಣ್ಣಕ್ಕೆ ಮೈಲುತುತ್ತ ಬೆರೆಸಿ ಬಳಿಯುತ್ತಿದ್ದರು ಅನ್ನೋದು. ಸುಣ್ಣ, ಮೈಲುತುತ್ತ. ಅವರು ಗೋಡೆಗೆ, ನಾವು ಅಡಿಕೆ ಗೊನೆಗೆ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವಳೇ "ಲಂಗ ನೆನಪಿದೆಯೇನೇ?" ಅಂದಳು.

ನೆನಪಿಲ್ಲದೆ ಏನು. ಅವಳಿಗೆ ಹತ್ತು, ನನಗೆ ಏಳು. ಅಪ್ಪ ತೋಟಕ್ಕೆ ಮದ್ದು ಹೊಡೆಸುತ್ತಿದ್ದರು. ಅಂಗಳದಲ್ಲಿ ಡ್ರಮ್ಮು, ಅದರ ತುಂಬ ನೀಲಿ. ಮದ್ದು ಹೊಡೆಯುವವರ ಲುಂಗಿ ನೀಲಿ, ಹುಬ್ಬು ನೀಲಿ, ಕೊಟ್ಟಿಗೆ ಕಂಬ ನೀಲಿ, ದಾರಿಯ ಕೆಸುವಿನ ಎಲೆ ಮೇಲೆಲ್ಲ ನೀಲಿ ಹನಿ. ಅಕ್ಕ ತನ್ನ ಬಿಳಿ ಲಂಗವನ್ನು ಗಂಟು ಗಂಟಾಗಿ ಕಟ್ಟಿ ಡ್ರಮ್ಮಿಗೆ ಅದ್ದಿ ತೆಗೆದಿದ್ದಳು. ನಾನು ಕಾವಲು. ಬಿಚ್ಚಿದಾಗ ಏನು ಪಟ್ಟೆ ಬಂದಿತ್ತು ಅಂತ ನೋಡಲು ಅಮ್ಮ ಬಿಡಲಿಲ್ಲ. ಇಬ್ಬರಿಗೂ ಬೆತ್ತದಲ್ಲಿ ಬಿತ್ತು. ಆರು ಹತ್ತು ಅಂದರೆ ಆಗ ನಾವಿಬ್ಬರೂ ಹಾಲು ಕರೆಯುವ ಅಮ್ಮನ ಹಿಂದೆ ಕೊಟ್ಟಿಗೆ ಬಾಗಿಲಲ್ಲಿ ನಿಂತು ಮಳೆ ನೋಡುತ್ತಿದ್ದ ಹೊತ್ತು. ಇದು ನನಗೆ ಹೊಳೆದದ್ದು ಫೋನಿಟ್ಟ ಮೇಲೆ.

"ಅಲ್ಲಿ ಮಳೆಯೇನೇ?" ಅಂದಿದ್ದಳು ಕೊನೆಗೆ.

"ಹೂಂ, ಬಿಟ್ಟೇ ಇಲ್ಲ."

"ಫೋನ್ ಇಡಬೇಡ, ಹಾಗೇ ಕಿಟಕಿ ಹತ್ತಿರ ಹಿಡಿ."

ಹಿಡಿದೆ. ಕೈ ಸೋತು ಬಂದರೂ ಅವಳು ಇಡಲಿಲ್ಲ. ಭಾವ ತಿಂಡಿಗೆ ಕೂಗಿದ್ದು ಕೇಳಿಸಿತು, ಆಮೇಲೆ ಕಟ್ಟಾಯಿತು.

ಇದರಿಂದ ಅವಳು ಬದಲಾದಳು ಅಂದುಕೊಳ್ಳಬೇಡಿ. ಹೇಳಿದೆನಲ್ಲ, ಇವತ್ತೂ ಬಂದಿದೆ, ಮೇಕೆ ಸಮೇತ. ಈಗ ವಾಯ್ಸ್ ಮೆಸೇಜೂ ಬಂತು. ಏಳು ನಿಮಿಷದ್ದು. ಕಾಲುಚೀಲ ಒಣಗಿದ ಮೇಲೆ ಕೇಳುತ್ತೇನೆ.

ಚಿತ್ರ ಹಜಾರಕ್ಕೆ ವಾಪಸು ಬಂದಿದೆ. ಒಂಟೆಗೆ ಡುಬ್ಬ ಅರ್ಧ. ಮರಳು ಹಸಿರು. ಕೊನೆಯವಳು ಅಣ್ಣಯ್ಯ ಹೇಳಿದ ಹಾಗೆ ಉಳಿಯಲಿಲ್ಲ, ಅವಳ ಕೊಡ ಮಾತ್ರ ಗಾಳಿಯಲ್ಲಿ ನಿಂತಿದೆ. ಬನ್ನಿ ಮರಕ್ಕೆ ಏನೂ ಆಗಿಲ್ಲ.

ನಿನ್ನೆ ಸಂಜೆ ಕಾಫಿಗೆ ಬಂದ ಅಣ್ಣಯ್ಯ ಟಾರ್ಚ್ ಬಿಟ್ಟು ಪೂರ್ತಿ ನೋಡಿದರು. "ಹತೋಟಿಗೆ ಬಂದಿದೆ. ಆದರೆ ಒಂದು ಸಲಕ್ಕೆ ಬಿಡೋ ಹಾಗಿಲ್ಲ, ನಲವತ್ತು ದಿನಕ್ಕೆ ಇನ್ನೊಂದು ಹೊಡೀಬೇಕು" ಅಂದರು. ನನ್ನ ಕುಂಚಗಳ ಡಬ್ಬಿಯಿಂದ ಪೆನ್ಸಿಲ್ ಎತ್ತಿಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳು ಮಡಚಿ ದಿನ ಎಣಿಸಿ, ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕದ ಚೌಕದಲ್ಲಿ ದಪ್ಪಗೆ ಬರೆದು ಹೋಗಿದ್ದಾರೆ: 'ಒಂಟೆಗೆ ಎರಡನೇ ಮದ್ದು.'